ಬೊಳ್ಳನ ಗಂಟಲಿನ ಎಲುಬು

ಹದಿನೈದು ರೂಪಾಯಿಗಾಗಿ ತನ್ನ ನಾಯಿ ಸತ್ತಿತು ಎಂಬುದನ್ನು ಶೀನಪ್ಪ ಮರೆಯಲು ಸಿದ್ಧನಿರಲಿಲ್ಲ. ಮಡಂತ್ಯಾರು ಪೇಟೆಯಲ್ಲಿ ಅವನದೊಂದು ಚಾ ಹೋಟೆಲು. ಮಕ್ಕಳಿಲ್ಲದ ಮನೆಯಲ್ಲಿ ಬೊಳ್ಳ ಎಂಬ ಬಿಳಿ ನಾಯಿ ಮಗನ ಹಾಗೆ ಬೆಳೆದಿತ್ತು. ಎರಡು ದಿನ ಅದು ಮಂಕಾಗಿ ಮಲಗಿತ್ತು, ಮೂರನೆಯ ಸಂಜೆ ಅದರ ದವಡೆ ಜೋತುಬಿತ್ತು. ಜೊಲ್ಲು ಸುರಿಯತೊಡಗಿತು, ತುತ್ತು ಒಳಗಿಳಿಯಲಿಲ್ಲ. ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿದೆ ಎಂದು ಶೀನಪ್ಪ ಮಣಿಕಟ್ಟಿನವರೆಗೆ ಕೈ ಹಾಕಿ ತಡಕಾಡಿದ. ಹಲ್ಲು ತಾಗಿ ಬೆರಳು ಗೀರಿದ್ದಕ್ಕೆ ಎಲೆಡಬ್ಬಿಯ ಸುಣ್ಣ ಮೆತ್ತಿಕೊಂಡು, ಸೈಕಲ್ ಹತ್ತಿ ಎಂಟು ಮೈಲಿ ತುಳಿದು, ಬೆಳ್ತಂಗಡಿಯ ದನದ ಡಾಕ್ಟರ ಬಾಗಿಲು ತಟ್ಟಿದ.

ಡಾಕ್ಟರ್ ಪದ್ಮಯ್ಯ ಕಿಟಕಿಯನ್ನಷ್ಟೇ ತೆರೆದರು.

"ಆಸ್ಪತ್ರೆ ಐದಕ್ಕೇ ಮುಚ್ಚಿತು. ಬೆಳಿಗ್ಗೆ ತನ್ನಿ, ಧರ್ಮಕ್ಕೆ ನೋಡ್ತೇನೆ. ಈಗಲೇ ಬರಬೇಕಾದರೆ ಫೀಸು ಹತ್ತು, ಬಾಡಿಗೆ ಕಾರಿಗೆ ಐದು. ಮೊದಲು ಕೊಡಬೇಕು."

"ಕೈಯಲ್ಲಿ ನಾಲ್ಕೇ ಉಂಟು ಡಾಕ್ಟ್ರೆ. ಉಳಿದದ್ದು ನಾಳೆ ತಂದು ಕೊಡ್ತೇನೆ."

"ಎಲ್ಲರೂ ಹಾಗೇ ಹೇಳುವುದು."

ಕಿಟಕಿ ಮುಚ್ಚಿತು. ಶೀನಪ್ಪ ಬೀದಿಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಬೈದ. ಅವನು ಊರು ಮುಟ್ಟುವಷ್ಟರಲ್ಲಿ ಬೊಳ್ಳ ದನದ ಹಟ್ಟಿಯ ಹಿಂದೆ ಸತ್ತು ಬಿದ್ದಿತ್ತು.

ಅದಾಗಿ ಇಂದಿಗೆ ನಲವತ್ತೆಂಟು ದಿನ. ಮೊದಲ ವಾರ ಅವನು ಅತ್ತ. ಆಮೇಲೆ ಅಳು ನಿಂತು ತಲೆ ಓಡತೊಡಗಿತು. ಈ ಪದ್ಮಯ್ಯ ಬದುಕಿರಬಾರದು. ಹೊಡೆಯುವುದು, ಕಡಿಯುವುದು ದಡ್ಡರ ಕೆಲಸ. ಅಂಥವರು ಮರುದಿನವೇ ಸಿಕ್ಕಿಬೀಳುತ್ತಾರೆ. ಡಾಕ್ಟರು ತಿಂಗಳಿಗೊಮ್ಮೆ ದನಗಳಿಗೆ ಸೂಜಿ ಹಾಕಲು ಮಡಂತ್ಯಾರಿಗೆ ಬಂದು, ಐದರ ಬಸ್ಸಿಗೆ ಹೋಟೆಲಿನ ಎದುರೇ ಕಾಯುತ್ತಿದ್ದರು. ಬೇಸಗೆ ಬೇರೆ, ಊರಲ್ಲಿ ವಾಂತಿಭೇದಿ ಹಬ್ಬಿತ್ತು. ಬಸ್ಸಿಳಿದು ಮನೆ ಸೇರಿದ ಡಾಕ್ಟರಿಗೆ ವಾಂತಿ ಸುರುವಾದರೆ ಯಾರಿಗೆ ಏನು ಸಂಶಯ? ಹೋಟೆಲೆಂದ ಮೇಲೆ ಇಲಿ ಪಾಷಾಣ ಇದ್ದೇ ಇರುತ್ತದೆ. ಲಿಂಬೆ, ಬೆಲ್ಲ, ಏಲಕ್ಕಿ ಜೋರಾಗಿ ಹಾಕಿದ ಪಾನಕದಲ್ಲಿ ಅದರ ರುಚಿ ಮುಚ್ಚಿಹೋಗುತ್ತದೆ.

ಕಷ್ಟ ಇದ್ದದ್ದು ಕುಡಿಸುವುದರಲ್ಲಿ. ಪದ್ಮಯ್ಯ ಜೈನರು. ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕುವವರಲ್ಲ, ಸೋಸದ ನೀರು ಮುಟ್ಟುವವರಲ್ಲ. ಶೀನಪ್ಪ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡ. ನಾಲ್ಕೂವರೆಗೆ ಕರೆಯಬೇಕು, ಹೊಸ ಬಟ್ಟೆಯಲ್ಲಿ ಎಲ್ಲರ ಕಣ್ಣೆದುರೇ ನೀರು ಸೋಸಬೇಕು. ಹಿಂದೆ ಬೈದವನ ಕೈಯಿಂದ ಕುಡಿಯಲು ಡಾಕ್ಟರು ಅನುಮಾನಿಸಿಯೇ ಅನುಮಾನಿಸುತ್ತಾರೆ. ಅದಕ್ಕೂ ಮದ್ದು ಇತ್ತು. ಒಂದೇ ಪಾತ್ರೆಯ ಪಾನಕ, ಎರಡು ಲೋಟ. ಒಂದರ ತಳದಲ್ಲಿ ಮಾತ್ರ ಪಾಷಾಣ. ತಾನೇ ಮೊದಲು ಗಟಗಟ ಕುಡಿದು ಲೋಟ ಖಾಲಿ ಮಾಡಿ ತೋರಿಸುವುದು. ಇಷ್ಟು ಚೆಂದದ ಉಪಾಯ ಪೊಲೀಸರ ಅಪ್ಪನಿಗೂ ಹೊಳೆಯಲಿಕ್ಕಿಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ಇಂದು, ಡಾಕ್ಟರು ಬರುವ ದಿನ, ಶೀನಪ್ಪನಿಗೆ ಮೈ ಬೆಚ್ಚಗಿತ್ತು. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ವಾಸಿಯಾಗಿದ್ದ ಬೆರಳು ಯಾಕೋ ಜುಮುಜುಮು ಎನ್ನುತ್ತಿತ್ತು.

"ಬೆಳಿಗ್ಗೆಯಿಂದ ಒಂದು ಗುಟುಕು ಚಾ ಕೂಡ ಕುಡಿದಿಲ್ಲ ನೀವು," ಎಂದಳು ಹೆಂಡತಿ ಜಲಜಾಕ್ಷಿ. "ಜ್ವರ ಉಂಟಾ?"

"ಏನೂ ಇಲ್ಲ, ನೀನು ಒಳಗೆ ಹೋಗು."

ದೊಡ್ಡ ಕೆಲಸದ ದಿನ ಯಾರಿಗೆ ಹಸಿವು, ಬಾಯಾರಿಕೆ? ಅವನು ಮೈಯ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಎಲ್ಲವೂ ಅಂದುಕೊಂಡ ಹಾಗೆಯೇ ನಡೆಯಿತು. ಅಡಿಕೆ ವ್ಯಾಪಾರದ ಅಬ್ದುಲ್ ಶುಕೂರ್ ಬೆಂಚಿನಲ್ಲಿ ಕೂತಿದ್ದ. ಸಾಕ್ಷಿಗೆ ಅವನು ಸಾಕು. ಶೀನಪ್ಪ ಡಾಕ್ಟರನ್ನು ಕೈಮುಗಿದು ಕರೆತಂದು, ಮೇಜಿನ ಮೇಲೆ ಹದಿನೈದು ರೂಪಾಯಿ ಇಟ್ಟ. ಎದುರಿಗೆ ಬಹುವಚನ, ಮನಸ್ಸಿನೊಳಗೆ ಅವನೊಬ್ಬ ನಾಯಿಗಿಂತ ಕಡೆ.

"ಆ ದಿನ ಹೆಚ್ಚು ಮಾತಾಡಿದೆ ಡಾಕ್ಟ್ರೆ, ಮನಸ್ಸಿನಲ್ಲಿ ಇಟ್ಕೊಳ್ಳಬೇಡಿ. ಇದು ನಿಮ್ಮ ಫೀಸು. ಒಂದು ಲೋಟ ಪಾನಕ ಕುಡಿದು ರಾಜಿ ಆಗುವ. ನೀರು ಸೋಸಿದ್ದೇ."

ಪದ್ಮಯ್ಯ ಲೋಟ ಎತ್ತಿಕೊಂಡು ನಕ್ಕರು. "ಮೊದಲು ನೀವು ಕುಡೀರಿ."

ಇದೇ ಮಾತಿಗೆ ಅವನು ಕಾದಿದ್ದ. ತನ್ನ ಲೋಟವನ್ನು ತುಟಿಯ ಹತ್ತಿರ ತಂದ. ಪಾನಕ ಇನ್ನೂ ನಾಲಗೆಗೆ ತಾಗಿರಲಿಲ್ಲ, ಗಂಟಲು ಹಿಂಡಿ ಕಟ್ಟಿತು. ಕುತ್ತಿಗೆ ಸೆಟೆಯಿತು, ಉಸಿರು ಸಿಕ್ಕಿಕೊಂಡಿತು, ಲೋಟ ನೆಲಕ್ಕೆ ಬಿತ್ತು. ಶುಕೂರ್ ಓಡಿಬಂದು, "ಇದಾ ಮಾರಾಯ, ಸ್ವಲ್ಪ ನೀರು ಕುಡಿ," ಎಂದು ಚೊಂಬು ಹಿಡಿದ. ಆ ನೀರನ್ನು ಕಂಡದ್ದೇ ಶೀನಪ್ಪ ಕಿರುಚಿ ಗೋಡೆಗೆ ಒತ್ತಿಕೊಂಡ. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು.

ಪದ್ಮಯ್ಯ ತಮ್ಮ ತುಂಬಿದ ಲೋಟವನ್ನು ಹಾಗೆಯೇ ಮೇಜಿನ ಮೇಲಿಟ್ಟರು. ಅವರ ಮುಖ ಬಿಳಿಚಿತ್ತು.

"ಆ ನಾಯಿಯ ದವಡೆ ಜೋತುಬಿದ್ದಿತ್ತಾ? ನೀವು ಬಾಯಿಗೆ ಕೈ ಹಾಕಿದ್ದಿರಾ?" ಶೀನಪ್ಪ ಹೌದೆಂದು ತಲೆಯಾಡಿಸಿದ. "ಅಯ್ಯೋ, ಅದು ನಾಯಿಹುಚ್ಚು, ಶೀನಪ್ಪ, ಕಚ್ಚದೆ ಮೂಲೆಯಲ್ಲಿ ಬೀಳುವ ಹುಚ್ಚು. ಆಗಲೇ ನಿಮ್ಮ ಹೊಟ್ಟೆಗೆ ಸೂಜಿ ಹಾಕಿಸಿದ್ದರೆ... ಒಮ್ಮೆ ಕಣ್ಣಲ್ಲಿ ನೋಡಿದ್ದರೆ ನಾನು ಹೇಳ್ತಿದ್ದೆ."

ಅವರು ಹದಿನೈದು ರೂಪಾಯಿಯನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದರು. ಗೋಡೆಗೆ ಅಂಟಿದ್ದ ಶೀನಪ್ಪ ಗೀರಿದ ಬೆರಳನ್ನು ಉಜ್ಜುತ್ತಲೇ ಇದ್ದ. ನಲವತ್ತೆಂಟು ದಿನ ಬಸ್ಸಿನ ಹೊತ್ತು, ಸೋಸುವ ಬಟ್ಟೆ, ಲೋಟದ ತಳ, ಎಲ್ಲವನ್ನೂ ಅವನು ಯೋಚಿಸಿದ್ದ. ಆ ಸಂಜೆ ಮಣಿಕಟ್ಟಿನವರೆಗೆ ಕೈ ಹಾಕಿ ಎಷ್ಟು ತಡಕಾಡಿದರೂ ಬೊಳ್ಳನ ಗಂಟಲಲ್ಲಿ ಎಲುಬು ಸಿಕ್ಕಿರಲಿಲ್ಲ ಎಂಬುದನ್ನು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ.