ಶನಿವಾರ ತುಂಬಿದ ನೀರು

ಅಕ್ಟೋಬರ್ 21, ಸೋಮವಾರ, ಬೆಳಗಿನ ಎಂಟು ನಲವತ್ತು. ಇನ್‌ಸ್ಪೆಕ್ಟರ್ ಸವಿತಾ ಬರುವ ಹೊತ್ತಿಗೆ ಠಾಣೆಯ ಅಂಗಳದಲ್ಲಿ ನಲವತ್ತು ಐವತ್ತು ಜನ ಸೇರಿದ್ದರು. ನಡುವೆ ಒಬ್ಬ ನೆಲದ ಮೇಲೆ ಕೂತಿದ್ದ. ಅಂಗಿಯ ಒಂದು ತೋಳು ಹರಿದು ಜೋಲುತ್ತಿತ್ತು, ತುಟಿ ಒಡೆದಿತ್ತು. ಎಳೆದು ತಂದವರು ಹೊಡೆದು ಹೊಡೆದು ದಣಿದಿದ್ದರು. ಉಳಿದದ್ದನ್ನು ಪೊಲೀಸರು ಮಾಡಲಿ ಎಂದು ಕಾಯುತ್ತಿದ್ದರು.

ದೂರು ಕೊಡಲು ಮುಂದೆ ಬಂದವನು ಮುದಕಪ್ಪ. ಕೊಪ್ಪಳದ ಕಡೆಯವನು, ಸೆಂಟ್ರಿಂಗ್ ಕೆಲಸ. ಅವನ ಹೆಂಡತಿ ಹನುಮವ್ವ ಅಂದು ಬೆಳಗಿನ ಜಾವ ಸರ್ಕಾರಿ ಆಸ್ಪತ್ರೆಯಲ್ಲಿ ವಾಂತಿ ಭೇದಿಯಿಂದ ತೀರಿಕೊಂಡಿದ್ದಳು. ಇನ್ನೂ ಹನ್ನೊಂದು ಜನ ಅದೇ ವಾರ್ಡಿನಲ್ಲಿದ್ದರು.

“ಯಾರ ಮೇಲಾದರೂ ಅನುಮಾನ ಇದೆಯಾ?”

“ಅನುಮಾನ ಅಲ್ರಿ ಮೇಡಂ, ಇವನ. ನೀರು ಬಿಡಾಂವ ಈಶಪ್ಪ. ನೀರಿಗೆ ವಿಷ ಹಾಕ್ಯಾನ.”

“ಹಾಕಿದ್ದು ನೋಡಿದ್ದೀಯಾ?”

“ನಿನ್ನಿ ಸಂಜಿಗೆ ಇವನ ವಾಲ್ ತಿರುವಿದಾಂವ. ಆ ನೀರು ಬಾಯಾಗ ಹಾಕ್ಕೊಂಡ್ರ ಗಂಟಲ ಸುಟ್ಟಂಗಾತು. ಎಲ್ಲಾರ್ನೂ ಕೇಳ್ರಿ ಬೇಕಾದ್ರ.”

ಕೇಳುವ ಅಗತ್ಯವೇ ಬೀಳಲಿಲ್ಲ. ಎಲ್ಲರೂ ಒಟ್ಟಿಗೆ ಹೌದೆಂದರು. ಸವಿತಾ ನೆಲದ ಮೇಲೆ ಕೂತವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ನೀರಿಗೆ ಏನಾದರೂ ಹಾಕಿದೆಯಾ?”

“ಹಾಕೀನ್ರಿ,” ಎಂದ ಈಶಪ್ಪ. “ದಿನಾ ಹಾಕ್ತೀನ್ರಿ. ಬಿಳೀ ಪುಡಿ.”

ಇಂಥ ಉತ್ತರ ಕೊಟ್ಟವನನ್ನು ಕಾಪಾಡುವುದು ಬಹಳ ಕಷ್ಟ. ಅಂಗಳದಲ್ಲಿ ಗದ್ದಲವೆದ್ದಿತು. ಸವಿತಾ ಅವನನ್ನು ಹೆಡ್ ಕಾನ್‌ಸ್ಟೆಬಲ್ ಮುತ್ತಣ್ಣನ ಜೊತೆ ಹಿಂಬಾಗಿಲಿನಿಂದ ಆಸ್ಪತ್ರೆಗೆ ಕಳಿಸಿದಳು. ಪಕ್ಕೆಲುಬು ಎರಡು ಮುರಿದಿದ್ದವು. ಒಂಬತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ವಿಷಪ್ರಾಶನದ ಅನುಮಾನ, ಆರೋಪಿ ಈಶಪ್ಪ, ವಯಸ್ಸು ಮೂವತ್ತನಾಲ್ಕು.

ಜಾಗ ಚಿಕ್ಕಬಾಣಾವರದ ಅಂಚಿನ ನವಚೇತನ ಬಡಾವಣೆ. ಸಾರ್ವಜನಿಕ ವಲಯದ ಕಾರ್ಖಾನೆಯ ನೌಕರರು ಸಂಘ ಕಟ್ಟಿಕೊಂಡು ನಿವೇಶನ ಹಂಚಿಕೊಂಡ ಜಾಗವದು. ಮುಂದೆ ಅವರದೇ ಮನೆಗಳು, ತುಳಸಿಕಟ್ಟೆ, ಕಾರು, ಗೇಟಿನ ಮೇಲೆ ಮನೆಯ ಹೆಸರು. ಹಿಂದೆ ಬಾಡಿಗೆಗೆ ಕೊಟ್ಟ ನಲವತ್ತು ಶೀಟ್ ಮನೆಗಳು. ಅಲ್ಲಿ ಇರುವವರೆಲ್ಲ ಪೀಣ್ಯದ ಕಾರ್ಖಾನೆಗಳಿಗೂ ಕಟ್ಟಡ ಕೆಲಸಕ್ಕೂ ಹೋಗುವ ಉತ್ತರ ಕರ್ನಾಟಕದ ಜನ. ಬೋರ್‌ವೆಲ್ ಒಂದೇ, ನೆಲದಡಿಯ ಸಂಪೂ ಒಂದೇ. ಹೋದ ವಾರದ ಮಳೆಗೆ ರಾಜಕಾಲುವೆ ಉಕ್ಕಿ ಕೊಳಚೆ ನೀರು ಸಂಪಿನ ಮುಚ್ಚಳದವರೆಗೂ ಬಂದಿತ್ತು.

ಆದರೆ ಕಾಯಿಲೆ ಬಿದ್ದವರು ಹಿಂದಿನವರು ಮಾತ್ರ. ಮುಂದಿನ ಮನೆಗಳಲ್ಲಿ ಒಬ್ಬರಿಗೂ ಒಂದು ಹೊಟ್ಟೆನೋವಿಲ್ಲ. ಸವಿತಾಗೆ ಇದು ಸರಿ ಕಾಣಲಿಲ್ಲ. ಒಂದೇ ನೀರು ಕುಡಿದವರಲ್ಲಿ ಸಾವು ಹೀಗೆ ಬೀದಿ ನೋಡಿ ಬರುವುದೆಂದರೆ ಏನು?

ಹನ್ನೊಂದು ಇಪ್ಪತ್ತಕ್ಕೆ ಪಂಪ್ ಮನೆಯಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಸಂಪಿನ ಮುಚ್ಚಳ ಎತ್ತಿದ ತಕ್ಷಣ ಮೂಗು ಉರಿದು ಪಂಚರಿಬ್ಬರೂ ಹಿಂದೆ ಸರಿದರು. ಕ್ಲೋರಿನ್ ವಾಸನೆ. ಮೂಲೆಯಲ್ಲಿ ಬ್ಲೀಚಿಂಗ್ ಪೌಡರಿನ ಆರು ಮೂಟೆ, ಎರಡು ಖಾಲಿ, ಒಂದರ ಬಾಯಿ ಬಿಚ್ಚಿತ್ತು. ಬಾಗಿಲ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಮುಚ್ಚಳ ಬಿದ್ದಿತ್ತು. ಅದರ ಮೇಲಿನ ಚೀಟಿಯಲ್ಲಿ ತಯಾರಿಕೆಯ ತಿಂಗಳು ಸೆಪ್ಟೆಂಬರ್ 2024. ಅದು ಮುಚ್ಚಬೇಕಾದ ಡ್ರಮ್ಮು ಎಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ಬಡಾವಣೆಯ ತುರ್ತು ನೀರು ಸಮಿತಿಯ ಅಧ್ಯಕ್ಷರು ಬಂದರು. ಉಪೇಂದ್ರ, ಅರವತ್ತಾರು ವರ್ಷ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ಇದ್ದವರು. ಎರಡು ವರ್ಷದ ಹಿಂದಿನ ಪ್ರವಾಹ ಕಂಡ ಮೇಲೆ, ಇನ್ನೊಮ್ಮೆ ಹಾಗಾದರೆ ಇರಲಿ ಎಂದು ಪುಡಿಯ ದಾಸ್ತಾನು ಮಾಡಿಸಿದವರೂ ಅವರೇ.

“ಕೊಳಚೆ ಉಕ್ಕಿ ಬಂದಾಗಿನಿಂದ ದಿನಾ ಬೆಳಿಗ್ಗೆ ಈಶಪ್ಪ ಪುಡಿ ಕದಡಿ, ತಿಳಿ ಬಸಿದು ಸಂಪಿಗೆ ಹಾಕ್ತಾನೆ. ಅರ್ಧ ಗಂಟೆ ಬಿಟ್ಟು ನಾನು ನೀರು ತೆಗೆದು ಟೆಸ್ಟ್ ಮಾಡ್ತೀನಿ. ಗಾಜಿನ ಕೊಳವೆಗೆ ಎರಡು ಹನಿ ಔಷಧಿ ಬಿಟ್ಟರೆ ಹಳದಿ ಬರಬೇಕು. ಹಳದಿ ಬಂದರೆ ಕ್ಲೋರಿನ್ ಇದೆ, ಕ್ರಿಮಿ ಸತ್ತಿದೆ ಅಂತ ಅರ್ಥ. ರಿಜಿಸ್ಟರ್ ನೋಡಿ ಬೇಕಾದ್ರೆ.”

ಸವಿತಾ ರಿಜಿಸ್ಟರ್ ತೆರೆದಳು. ಹದಿನೈದನೇ ತಾರೀಕಿನಿಂದ ಇಪ್ಪತ್ತರವರೆಗೆ ದಿನವೂ ಅದೇ ಮುದ್ದಾದ ಅಕ್ಷರ, ಅದೇ ಅಂಕಿ. ಸೊನ್ನೆ ಪಾಯಿಂಟ್ ಐದು. ಸರಿಯಾದ ಪ್ರಮಾಣ.

“ಇವತ್ತು ಸಂಪಿನ ಮುಂದೆ ನಿಲ್ಲೋಕೇ ಆಗ್ತಿಲ್ಲವಲ್ಲ ಸಾರ್?”

ಉಪೇಂದ್ರ ನಿಟ್ಟುಸಿರಿಟ್ಟರು. “ಈಶಪ್ಪ ಕೆಟ್ಟವನಲ್ಲಮ್ಮ. ಆದ್ರೆ ಓದು ಬರಹ ಇಲ್ಲ. ಅಳತೆ ತಪ್ಪಿರಬೇಕು.”

ಮಾತು ಮೃದುವಾಗಿಯೇ ಇತ್ತು. ಆದರೆ ಆ ಒಂದು ಮಾತಿನಿಂದ ಈಶಪ್ಪನ ಕೊರಳಿಗೆ ಹಗ್ಗ ಇನ್ನೊಂದು ಸುತ್ತು ಬಿಗಿಯಿತು.

ಮಧ್ಯಾಹ್ನ ಎಸಿಪಿ ಫೋನ್ ಮಾಡಿದರು. ಟಿವಿಯವರು ಗೇಟಿನ ಮುಂದೆ ನಿಂತಿದ್ದಾರೆ, ಜನ ರಸ್ತೆ ತಡೆಯುತ್ತೇವೆ ಅನ್ನುತ್ತಿದ್ದಾರೆ, ಆರೋಪಿ ಒಪ್ಪಿಕೊಂಡೂ ಇದ್ದಾನೆ, ಇನ್ನೇನು ಕಾಯುತ್ತಿದ್ದೀರಿ ಎಂಬುದು ಅವರ ಪ್ರಶ್ನೆ. ಗಾಯಾಳು ಆಸ್ಪತ್ರೆಯಲ್ಲಿದ್ದಾನೆ, ಲ್ಯಾಬ್ ವರದಿ ಬರಲಿ ಎಂದು ಸವಿತಾ ಗೋಗರೆದಳು. ಶುಕ್ರವಾರ ಸಂಜೆಯವರೆಗೆ ಗಡುವು ಸಿಕ್ಕಿತು. ಅಷ್ಟರಲ್ಲಿ ಬೇರೆ ಏನೂ ಸಿಗದಿದ್ದರೆ ಈಶಪ್ಪ ಜೈಲಿಗೆ. ಒಮ್ಮೆ ಒಳಗೆ ಹೋದರೆ ಅವನಿಗೆ ಜಾಮೀನು ನಿಲ್ಲುವವರು ಈ ಊರಿನಲ್ಲಿ ಯಾರೂ ಇರಲಿಲ್ಲ.

ಸಂಜೆ ನಾಲ್ಕಕ್ಕೆ ಅವಳು ಶೀಟ್ ಮನೆಗಳ ಸಾಲಿಗೆ ಹೋದಳು. ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಒಂದೊಂದು ಬಾಗಿಲಿನ ಮುಂದೆ ಚೆಲ್ಲಿದ ಫಿನಾಯಿಲು, ತೊಳೆದು ಹಾಕಿದ ಚಾಪೆ. ಗಂಗಮ್ಮ ಎಂಬಾಕೆ ಮಾತ್ರ ಹೊಸ್ತಿಲಲ್ಲಿ ಕೂತು ಮಾತಾಡಿದಳು.

“ಭಾನುವಾರಕ್ಕಿಂತ ಮೊದಲು ನೀರು ಹೆಂಗಿತ್ತು?”

“ಭಾಳ ಚಲೋ ಇತ್ರಿ. ಎಳನೀರು ಕುಡದಂಗ.”

“ಪುಡಿಯ ವಾಸನೆ?”

“ಒಂದಿನಾನೂ ಬಂದಿಲ್ರಿ ಯವ್ವ. ನಿನ್ನಿನ ಬಂದಿದ್ದು.”

“ಮೊದಲು ಕಾಯಿಲೆ ಬಿದ್ದದ್ದು ಯಾವಾಗ?”

“ಶುಕ್ರವಾರ. ಮೂರು ಮಂದಿಗೆ.”

ಸವಿತಾ ದಿನಗಳನ್ನು ಎಣಿಸಿದಳು. ಗಂಟಲು ಸುಟ್ಟ ನೀರು ಬಂದದ್ದು ಭಾನುವಾರ. ಜನ ಬಿದ್ದದ್ದು ಶುಕ್ರವಾರದಿಂದ. ಹಾಗಾದರೆ ಇಷ್ಟು ಜನರನ್ನು ಮಲಗಿಸಿದ್ದು ಸುಡುವ ನೀರಲ್ಲ, ಎಳನೀರಿನಂಥ ನೀರು. ಹನುಮವ್ವನ ಮನೆಯಲ್ಲಿ ಶನಿವಾರ ಬೆಳಿಗ್ಗೆ ತುಂಬಿಟ್ಟ ಕೊಡವೊಂದು ತಟ್ಟೆ ಮುಚ್ಚಿಕೊಂಡು ಹಾಗೆಯೇ ಕೂತಿತ್ತು. ಅದನ್ನು ಪಂಚರ ಮುಂದೆ ಮೊಹರು ಮಾಡಿಸಿದಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಆರೋಗ್ಯ ಇಲಾಖೆಯ ಪ್ರಯೋಗಾಲಯದಿಂದ ಸುಕೃತಿ ಬಂದಳು. ವರದಿಯನ್ನು ಮೇಜಿನ ಮೇಲಿಟ್ಟು ನೇರವಾಗಿ ವಿಷಯಕ್ಕೆ ಬಂದಳು.

“ವಿಷ ಅಲ್ಲ ಮೇಡಂ, ಕಾಲರಾ. ರೋಗಿಗಳಲ್ಲೂ ಇದೆ, ನೀವು ಕಳಿಸಿದ ಕೊಡದ ನೀರಲ್ಲೂ ಇದೆ.”

“ಮುಂದಿನ ಮನೆಯವರಿಗೆ ಯಾಕಿಲ್ಲ?”

“ಅವರೆಲ್ಲ ಫಿಲ್ಟರ್ ನೀರು ಕುಡಿಯೋರು. ಹಿಂದಿನವರು ನಲ್ಲಿಯಿಂದ ನೇರ ಕುಡಿತಾರೆ.”

“ಸಂಪಿಗೆ ದಿನಾ ಪುಡಿ ಹಾಕಿದ್ದಾರಲ್ಲ?”

ಸುಕೃತಿ ಮೂಟೆಯಿಂದ ತೆಗೆದ ಮಾದರಿಯ ಡಬ್ಬಿ ತೆರೆದು ಸವಿತಾಳ ಮೂಗಿನ ಹತ್ತಿರ ಹಿಡಿದಳು. ಏನೂ ವಾಸನೆ ಇರಲಿಲ್ಲ, ಗೋಡೆಗೆ ಬಳಿಯುವ ಸುಣ್ಣದ ಹಾಗಿತ್ತು.

“ಎರಡು ವರ್ಷ ತೇವದ ಕೋಣೆಯಲ್ಲಿ ಇಟ್ಟಿದ್ದಾರೆ. ಕ್ಲೋರಿನ್ ಎಲ್ಲಾ ಹಾರಿಹೋಗಿದೆ. ತುರ್ತಿಗೆ ಅಂತ ಇಟ್ಟುಕೊಳ್ಳೋರು ಆರಾರು ತಿಂಗಳಿಗೆ ಬದಲಾಯಿಸಬೇಕು. ಇದನ್ನ ಒಂದು ಮೂಟೆ ಸುರಿದ್ರೂ ಒಂದು ಕ್ರಿಮಿ ಸಾಯಲ್ಲ.”

“ಇದಕ್ಕೆ ಹಳದಿ ಬಣ್ಣ ಬರೋದು ಸಾಧ್ಯವಾ?”

“ಸಾಧ್ಯವೇ ಇಲ್ಲ.”

ಸವಿತಾ ರಿಜಿಸ್ಟರನ್ನು ಮತ್ತೊಮ್ಮೆ ತೆರೆದಳು. ಸೊನ್ನೆ ಪಾಯಿಂಟ್ ಐದು. ಆರು ದಿನ, ಆರು ಸುಳ್ಳು.

ಅಂದೇ ಮಧ್ಯಾಹ್ನ ಆಸ್ಪತ್ರೆಯಲ್ಲಿ ಈಶಪ್ಪನನ್ನು ಕಂಡಳು. ಅವನ ಹೆಂಡತಿ ಭಾಗ್ಯಶ್ರೀ ಮಂಚದ ಕಾಲ ಬಳಿ ಕೂತಿದ್ದಳು. ಈಶಪ್ಪ ಎರಡು ದಿನದಿಂದ ಊಟ ಮುಟ್ಟಿರಲಿಲ್ಲ. ತಾನೇ ಕೊಂದೆ ಎಂದು ಅವನೂ ನಂಬಿಬಿಟ್ಟಿದ್ದ.

“ಭಾನುವಾರ ಹಗಲು ಎಲ್ಲಿದ್ದೆ?”

“ಇಲ್ಲೇ ಆಸ್ಪತ್ರ್ಯಾಗ್ರಿ. ಮುದುಕವ್ವನ್ನ ಆಟೋದಾಗ ಕರ್ಕೊಂಬಂದಿದ್ದೆ. ಹತ್ತಕ್ಕ ಬಂದು ಎರಡಕ್ಕ ಹೋದೆ.”

ಮುದುಕವ್ವ ಶೀಟ್ ಮನೆಯ ಅಜ್ಜಿ, ಪಕ್ಕದ ವಾರ್ಡಿನಲ್ಲಿ ಮಲಗಿದ್ದಳು. ಅವಳನ್ನು ದಾಖಲಿಸಿದ ಚೀಟಿಯಲ್ಲಿ ಸಮಯ ಇತ್ತು, ಈಶಪ್ಪನ ಸಹಿಯ ಬದಲು ಹೆಬ್ಬೆರಳ ಗುರುತಿತ್ತು.

“ಪಂಪ್ ಮನೆ ಬೀಗದ ಕೈ?”

“ಎರಡದಾವ್ರಿ. ನನ್ನ ಹತ್ರ ಒಂದು, ಉಪೇಂದ್ರ ಸಾರ್ ಹತ್ರ ಒಂದು.”

“ಪುಡಿಗೆ ವಾಸನೆ ಇಲ್ಲ ಅಂತ ನಿನಗೆ ಅನ್ನಿಸಲಿಲ್ಲವಾ?”

“ಅನ್ನಿಸ್ತ್ರಿ. ಮೊದಲ ದಿನಾನ ಸಾರ್‌ಗೆ ಹೇಳೀನಿ. ಅವರು ಗಾಜಿನ್ಯಾಗ ನೋಡಿ, ಬಣ್ಣ ಬಂದೈತಿ, ಸರಿ ಅದ ಅಂದ್ರು. ಅವರಿಗಿಂತ ನನಗ ಜಾಸ್ತಿ ಗೊತ್ತಾಗ್ತದೇನ್ರಿ?”

ಗುರುವಾರ ಮುತ್ತಣ್ಣ ನೀಲಿ ಮುಚ್ಚಳವನ್ನು ಹಿಡಿದು ಪೀಣ್ಯದ ಕೆಮಿಕಲ್ ಅಂಗಡಿಗಳನ್ನು ಒಂದೊಂದಾಗಿ ಸುತ್ತಿದ. ಹದಿನಾಲ್ಕನೇ ಅಂಗಡಿಯವನು ಮುಚ್ಚಳ ಗುರುತಿಸಿದ. ಶನಿವಾರ ಮಧ್ಯಾಹ್ನ ಹಿರಿಯರೊಬ್ಬರು ಐದು ಕೆಜಿ ಡ್ರಮ್ಮು ಒಯ್ದರಂತೆ. ಪುಡಿ ತಾಜಾ ಇದೆಯಾ ಎಂದು ಮೂರು ಸಲ ಕೇಳಿದರಂತೆ. ಚೀಟಿಯ ತಾರೀಕನ್ನು ಅಂಗಡಿಯವನಿಂದಲೇ ಓದಿಸಿದರಂತೆ. ಉಪೇಂದ್ರರ ಫೋಟೊ ತೋರಿಸಿದಾಗ ಇವರೇ ಎನ್ನಲು ಅವನು ತಡವರಿಸಲೂ ಇಲ್ಲ.

“ಓದಿಸಿದರಾ?” ಎಂದು ಸವಿತಾ ಕೇಳಿದಳು.

“ಹೌದು ಮೇಡಂ. ಕನ್ನಡಕ ಹಾಕಿಕೊಂಡೇ ಇದ್ದರಂತೆ.”

ಶುಕ್ರವಾರ, ಅಕ್ಟೋಬರ್ 25. ಬೆಳಿಗ್ಗೆ ಹನ್ನೊಂದಕ್ಕೆ ಸವಿತಾ, ಸುಕೃತಿ, ಮುತ್ತಣ್ಣ ಮೂವರೂ ಉಪೇಂದ್ರರ ಮನೆಗೆ ಹೋದರು. ಬಾಗಿಲು ತೆರೆದವರು ಅವರ ಹೆಂಡತಿ ಸೀತಾಲಕ್ಷ್ಮಿ. ಪೊಲೀಸರನ್ನು ಕಂಡು ಆಕೆ ದಾರಿ ಬಿಟ್ಟು ನಿಂತರು. ಗೋಡೆಯ ಮೇಲೆ ಕಾರ್ಖಾನೆ ಕೊಟ್ಟ ಬಿನ್ನವತ್ತಳೆ ತೂಗುತ್ತಿತ್ತು.

ಸುಕೃತಿ ಮೇಜಿನ ಮೇಲೆ ಮೂರು ಗಾಜಿನ ಕೊಳವೆಗಳನ್ನು ನಿಲ್ಲಿಸಿದಳು. ಒಂದರಲ್ಲಿ ಎದ್ದು ಕಾಣುವ ಹಳದಿ. ಉಳಿದೆರಡರಲ್ಲಿ ಬರೀ ನೀರು.

“ಸಾರ್, ಇವನ್ನ ಸ್ವಲ್ಪ ಓದಿ ಹೇಳ್ತೀರಾ?” ಎಂದಳು ಸವಿತಾ.

ಉಪೇಂದ್ರ ಮೊದಲನೆಯ ಕೊಳವೆ ಎತ್ತಿ ಕಿಟಕಿಗೆ ಹಿಡಿದರು. ಎರಡನೆಯದನ್ನು ಎತ್ತಿದರು. ತಿರುಗಿಸಿದರು. ಬೆಳಕಿಗೆ ಇನ್ನಷ್ಟು ಹತ್ತಿರ ಒಯ್ದರು. ಆಮೇಲೆ ಅವರ ನೋಟ ಕೊಳವೆ ಬಿಟ್ಟು ಹೆಂಡತಿಯ ಮುಖದ ಮೇಲೆ ಹೋಯಿತು. ಸೀತಾಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನನ್ನ ನೋಡ್ಬೇಡಿ,” ಎಂದರು ಆಕೆ. “ಇನ್ನು ನಾನು ಹೇಳಿಕೊಡಲ್ಲ.”

ಉಪೇಂದ್ರ ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು.

“ಎಲ್ಲಾ ಹಳದಿಯಾಗೇ ಕಾಣುತ್ತಮ್ಮ. ಕಣ್ಣಿಗೆ ಪೊರೆ ಬಂದಿದೆ. ಗೋಡೆ, ಹಾಲು, ನೀರು, ಎಲ್ಲಾ.”

“ಯಾವಾಗಿನಿಂದ?”

“ಡಾಕ್ಟರು ಆಪರೇಷನ್ ಮಾಡಿಸ್ಕೊಳ್ಳಿ ಅಂತ ಹೇಳಿ ಏಳು ತಿಂಗಳಾಯ್ತು.”

“ಬಣ್ಣ ಬಂದಿಲ್ಲ ಅಂತ ನಿಮಗೆ ಗೊತ್ತಾದದ್ದು ಯಾವತ್ತು?”

ಸೀತಾಲಕ್ಷ್ಮಿಯೇ ಹೇಳಿದರು. “ಶನಿವಾರ ಬೆಳಿಗ್ಗೆ. ಹಿಂದಿನ ಮನೆಯೋರಿಗೆ ವಾಂತಿ ಭೇದಿ ಅಂತ ಕೇಳಿ ಭಯವಾಗಿ ಕೊಳವೆ ನನ್ನ ಕೈಗೆ ಕೊಟ್ರು. ನೋಡಿದ್ರೆ ಬರೀ ನೀರು. ಈಗಲೇ ಹೋಗಿ ಹೇಳಿ ಬನ್ನಿ, ಕಾಯಿಸಿ ಕುಡೀರಿ ಅನ್ನಿ ಅಂತ ಬಡ್ಕೊಂಡೆ.”

“ಶನಿವಾರ, ಭಾನುವಾರ ರಿಜಿಸ್ಟರಲ್ಲಿ ಬರೆದದ್ದು ಗೊತ್ತಿದ್ದೂ ಬರೆದದ್ದು. ಹೌದಾ ಸಾರ್?”

“ಹೌದು.”

“ಭಾನುವಾರ ಹೊಸ ಪುಡಿ ಸುರಿದದ್ದು ನೀವು.”

“ಹೌದು. ಅಳತೆ ಚಮಚದ ಗೆರೆ ಕಾಣಲಿಲ್ಲ. ಕಡಿಮೆ ಆಗೋದು ಬೇಡ ಅಂತ ಪೂರ್ತಿ ಸುರಿದುಬಿಟ್ಟೆ.”

“ಈಶಪ್ಪನನ್ನು ಹೊಡೆಯುವಾಗ ಎಲ್ಲಿದ್ರಿ?”

“ಇಲ್ಲೇ. ಕಿಟಕಿ ಹತ್ತಿರ.”

ಸವಿತಾಗೆ ಸಿಟ್ಟು ನೆತ್ತಿಗೇರಿತು. ಬೈದುಬಿಡಬೇಕು ಅನ್ನಿಸಿತು. ಹನುಮವ್ವ ಕಾಯಿಲೆ ಬಿದ್ದದ್ದು ಭಾನುವಾರ ಮಧ್ಯಾಹ್ನ. ಶನಿವಾರ ಒಂದು ಮಾತು ಆಡಿದ್ದರೆ ಆ ಹೆಂಗಸು ಇಂದು ಕೆಲಸಕ್ಕೆ ಹೋಗಿರುತ್ತಿದ್ದಳು.

“ಒಂದು ಮಾತು ಹೇಳೋಕೆ ಏನಾಗಿತ್ತು ಸಾರ್?”

“ಹೇಳೋಕೆ ಅಂತಲೇ ಹೋಗಿದ್ದೆ. ನಲ್ಲಿ ಹತ್ತಿರ ಹನುಮವ್ವ ಕೊಡ ತುಂಬ್ತಿದ್ದಳು. ನನ್ನ ನೋಡಿ ಎದ್ದು ನಿಂತು, ‘ನೀವು ನೋಡೀರಿ ಅಂದ್ಮ್ಯಾಲ ನಮಗೇನ್ ಚಿಂತಿಲ್ರಿ ಸಾರ್’ ಅಂದಳು. ವಾಪಸ್ ಬಂದ್ಬಿಟ್ಟೆ.”

ಕಾರ್ಖಾನೆಯಲ್ಲಿ ಯಂತ್ರದ ಅಳತೆಗೂ ಇವರ ಕಣ್ಣಳತೆಗೂ ವ್ಯತ್ಯಾಸ ಬಂದರೆ ಯಂತ್ರ ರಿಪೇರಿ ಮಾಡಿಸುತ್ತಿದ್ದರಂತೆ. ನಿವೃತ್ತಿಯ ಮೇಲೆ ಯಾರೂ ಏನೂ ಕೇಳದೆ ವರ್ಷಗಟ್ಟಲೆ ಕೂತಿದ್ದರು. ನೀರು ಸಮಿತಿ ಆದ ಮೇಲೆ ಜನ ಮತ್ತೆ ‘ಉಪೇಂದ್ರ ಅವರನ್ನ ಕೇಳಿ’ ಅನ್ನತೊಡಗಿದ್ದರು. ಕಣ್ಣು ಹೋಗಿದೆ ಎಂದರೆ ಆ ಮಾತೂ ಹೋಗುತ್ತದೆ ಎಂಬ ಹೆದರಿಕೆ. ಸವಿತಾ ಇದನ್ನೆಲ್ಲ ಹೇಳಿಕೆಯಲ್ಲಿ ಬರೆಸಿಕೊಂಡಳು. ಹಾಗೆಂದು ಅವಳು ಅವರನ್ನು ಕ್ಷಮಿಸಲಿಲ್ಲ.

ಮಧ್ಯಾಹ್ನ ಒಂದು ಹತ್ತಕ್ಕೆ ಬಂಧನ. ನಿರ್ಲಕ್ಷ್ಯದಿಂದ ಸಾವು, ಸುಳ್ಳು ದಾಖಲೆ, ಸಾಕ್ಷ್ಯನಾಶ. ಪಂಚರ ಮುಂದೆ ಅವರ ಕಾರಿನ ಶೆಡ್ಡಿನಿಂದ ಖಾಲಿ ನೀಲಿ ಡ್ರಮ್ಮು ವಶವಾಯಿತು. ಮೂರು ಗಂಟೆಗೆ ಈಶಪ್ಪನ ಹೆಸರು ಕೈಬಿಡಲು ನ್ಯಾಯಾಲಯಕ್ಕೆ ವರದಿ ಹೋಯಿತು. ಸುದ್ದಿ ಕೇಳಿ ಭಾಗ್ಯಶ್ರೀ ಅತ್ತಳು. ಈಶಪ್ಪ “ಹಂಗಾರ ನಾ ಅಲ್ಲೇನ್ರಿ?” ಎಂದು ಎರಡು ಸಲ ಕೇಳಿದ.

ಐದು ಗಂಟೆಗೆ ಮುದಕಪ್ಪನನ್ನು ಠಾಣೆಗೆ ಕರೆಸಿದಳು. ದೂರುದಾರನಿಗೆ ತಿಳಿಸುವುದು ಕ್ರಮ. ಅವನು ಟೋಪಿ ಕೈಯಲ್ಲಿ ಹಿಡಿದು ನಿಂತೇ ಕೇಳಿಸಿಕೊಂಡ. ಕಾಲರಾ, ಸತ್ತ ಪುಡಿ, ಪೊರೆ ಬಂದ ಕಣ್ಣು, ಶನಿವಾರ, ಭಾನುವಾರ, ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ತಲೆಯಾಡಿಸಿದ.

“ಉಪೇಂದ್ರ ಸಾರ್ ಏನ್ರಿ? ಇಲ್ಲ ಬಿಡ್ರಿ ಮೇಡಂ. ಅವರು ಹಂಗ ಮಾಡೋರಲ್ಲ. ಓದಿದವರದಾರ.”

“ಅವರೇ ಒಪ್ಪಿಕೊಂಡಿದ್ದಾರೆ ಮುದಕಪ್ಪ.”

“ಈಶ್ಯಾನ ಮಾಡ್ಯಾನ್ರಿ. ಇನ್ನೊಮ್ಮೆ ಸರ್ಯಾಗಿ ಕೇಳ್ರಿ ಅವನ್ನ.”

ಸವಿತಾ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಉಪೇಂದ್ರರ ಹೇಳಿಕೆಯನ್ನು ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು.