ಸ್ಟೇಷನ್ ಎದುರಿನ ರೂಮು

ಹೋಟೆಲಿನ ಲಿಫ್ಟ್ ಬಾಗಿಲು ತೆರೆಯಿತು. ಒಳಗೆ ಇಬ್ಬರಿದ್ದರು.

ಇಬ್ಬರ ಬಳಿಯೂ ಲಗೇಜ್ ಇರಲಿಲ್ಲ. ಒಬ್ಬನ ಕೈಯಲ್ಲಿ ಚಾಕು ಮಾತ್ರ ಇತ್ತು...

ನನ್ನ ಬೆನ್ನ ಹಿಂದೆ ನರ್ಸಮ್ಮ ನಿಂತಿದ್ದಳು. ಮರುದಿನ ಬೆಳಿಗ್ಗೆ ಆಕೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಐಸಿಯುನಲ್ಲಿ ಮಲಗಿದ್ದ ರೋಗಿಯೊಬ್ಬನ ಆಕ್ಸಿಜನ್ ಕೊಳವೆ ಕಿತ್ತವನು ಒಬ್ಬ ಕಂಟ್ರಾಕ್ಟರ್. ಕಣ್ಣಾರೆ ಕಂಡವಳು ಈಕೆಯೊಬ್ಬಳೇ. ಈಕೆ ಬಾಯಿ ಬಿಟ್ಟರೆ ಅವನಿಗೆ ಜೈಲು. ಬಿಡದ ಹಾಗೆ ನೋಡಿಕೊಳ್ಳಲು ಬಂದವರು ಇವರು.

ಪಕ್ಕದ ರೂಮಿನ ಮುಂದೆ ಎಂಜಲು ತಟ್ಟೆಗಳ ಟ್ರಾಲಿ ನಿಂತಿತ್ತು. ಅದನ್ನೇ ಎಳೆದು ಲಿಫ್ಟಿನೊಳಕ್ಕೆ ನೂಕಿದೆ. ತಟ್ಟೆ, ಲೋಟ, ಬೈಗುಳ ಎಲ್ಲ ಒಟ್ಟಿಗೇ ಉರುಳಿದವು. ಚಾಕು ನನ್ನ ಮುಂಗೈಯನ್ನು ಸೀಳಿಕೊಂಡು ಹೋಯಿತು.

“ಮೆಟ್ಲು ಎಲ್ಲಿದೆ?” ನರ್ಸಮ್ಮ ಕೇಳಿದಳು.

“ಎಡಕ್ಕೆ. ಬಂದ ತಕ್ಷಣ ನೋಡ್ಕೊಂಡಿದ್ದೆ.”

ಓಡಿದೆವು.

ಹೋಟೆಲ್ ಆರಿಸುವುದು ಹೇಗೆ ಎಂದು ಕೇಳಿದಿರಲ್ಲ, ಸಾರ್... ನನ್ನ ಕಸುಬೇ ಅದು. ತಲೆಮರೆಸಿಕೊಳ್ಳಬೇಕಾದವರಿಗೆ ರೂಮು ಹುಡುಕಿಕೊಡುವುದು. ಎಲ್ಲರೂ ಫೋಟೋ ನೋಡುತ್ತಾರೆ. ಹಾಸಿಗೆ ಹೇಗಿದೆ, ಟಿವಿ ಎಷ್ಟು ದೊಡ್ಡದಿದೆ. ನಾನು ರೂಮನ್ನು ಕಟ್ಟಕಡೆಗೆ ನೋಡುತ್ತೇನೆ. ಮೊದಲು ಬೀದಿ ಸುತ್ತುತ್ತೇನೆ. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದೆಯೇ? ಮೆಡಿಕಲ್ ಶಾಪ್ ತೆರೆದಿದೆಯೇ? ಬಾಗಿಲಲ್ಲಿ ಕೂತು ಬರುವವರನ್ನೂ ಹೋಗುವವರನ್ನೂ ದಿಟ್ಟಿಸುವ ಮುದುಕಿ ಇದ್ದಾಳೆಯೇ? ಅಂಥ ಒಬ್ಬ ಮುದುಕಿಯ ಮುಂದೆ ಯಾವ ಸಿಸಿಟಿವಿಯನ್ನೂ ನಿವಾಳಿಸಿ ಎಸೆಯಬೇಕು.

ಈ ಹೋಟೆಲ್ ಆರಿಸಿದ್ದು ನಾನಲ್ಲ, ಕೇಸು ನಡೆಸುತ್ತಿದ್ದ ಲಾಯರ್. ಕೋರ್ಟಿಗೆ ನಡೆದು ಹೋಗಬಹುದು, ಶಾಂತವಾದ ಏರಿಯಾ ಎಂದು ನೆಟ್‌ನಲ್ಲಿ ಓದಿ ಬುಕ್ ಮಾಡಿದ್ದ. ಭಾನುವಾರ ಮಧ್ಯಾಹ್ನ ಅವನಿಗೆ ಯಾಕೋ ಅಳುಕು ಶುರುವಾಯಿತಂತೆ. ಒಮ್ಮೆ ನೋಡಿ ಬಾ ಎಂದು ನನಗೆ ಫೋನ್ ಮಾಡಿದ.

ಬಂದು ನೋಡಿದೆ. ವಾರವೆಲ್ಲ ಆ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕರಿ ಕೋಟುಗಳು, ಟೈಪಿಸ್ಟರು, ಜೆರಾಕ್ಸ್ ಅಂಗಡಿಯ ಕ್ಯೂ. ಭಾನುವಾರ? ಶಟರ್‌ಗಳೆಲ್ಲ ಕೆಳಗೆ. ಒಂದು ಆಟೋ ಇಲ್ಲ, ಒಂದು ನಾಯಿ ಸಹ ಇಲ್ಲ. ಶಾಂತವೇನೋ ಹೌದು... ಸ್ಮಶಾನವೂ ಶಾಂತವೇ!

ಅಂಥ ಬೀದಿಯಲ್ಲಿ ಈಗ ನಾವಿಬ್ಬರೂ ಓಡುತ್ತಿದ್ದೆವು. ಹಿಂದೆಯೇ ಬೂಟಿನ ಸದ್ದು. ಬ್ಯಾಂಕಿನ ಗೋಡೆ, ಆಫೀಸಿನ ಗೋಡೆ, ಮತ್ತೆ ಬ್ಯಾಂಕಿನ ಗೋಡೆ. ನುಗ್ಗೋಣವೆಂದರೆ ಒಂದು ಬಾಗಿಲಿಲ್ಲ. ಕೂಗಿದರೆ ಯಾರಿಗೆ ಕೇಳಬೇಕು? ಲಾಯರನ ಮೇಲೆ ನನಗೆ ಮೈಯೆಲ್ಲ ಉರಿಯಿತು.

“ಸೇತುವೆ ದಾಟ್ಬೇಕು,” ಎಂದೆ.

“ಆಚೆ ಏನಿದೆ?”

“ಜನ.”

ಸೇತುವೆಯಾಚೆ ಮಾರ್ಕೆಟ್. ಊರೆಲ್ಲ ಮಲಗುವ ಭಾನುವಾರವೇ ಅಲ್ಲಿ ವ್ಯಾಪಾರ ಜೋರು. ತಳ್ಳುಗಾಡಿ, ಚಪ್ಪಲಿ ರಾಶಿ, ಚೌಕಾಸಿ. ಇನ್ನೇನು ಗುಂಪಿನೊಳಗೆ ಸೇರಬೇಕು, ಅಷ್ಟರಲ್ಲಿ ಅವರಲ್ಲೊಬ್ಬ ನರ್ಸಮ್ಮನ ಬ್ಯಾಗಿಗೆ ಕೈ ಹಾಕಿದ. ನಾನು ತಿರುಗುವಷ್ಟರಲ್ಲಿ ಆಕೆಯೇ ಬಾಯಿ ಮಾಡಿದಳು.

“ಕಳ್ಳ! ಕಳ್ಳ!”

ಮಾರ್ಕೆಟ್ಟಿನಲ್ಲಿ ಆ ಮಾತು ಕೇಳಿದರೆ ಯಾರ ಕೈ ಸುಮ್ಮನಿದ್ದೀತು? ಈರುಳ್ಳಿಯವನು ತಕ್ಕಡಿಯ ಕಲ್ಲು ಹಿಡಿದೇ ಎದ್ದು ಬಂದ. ಚಾಕುವಿನವರಿಬ್ಬರೂ ಬಂದ ದಾರಿಗೆ ಸುಂಕವಿಲ್ಲವೆಂದು ಸೇತುವೆ ಕಡೆ ಓಟ ಕಿತ್ತರು.

ಅಲ್ಲಿ ಗುಂಡಿ, ಲೇಸು ಮಾರುವ ಅಂಗಡಿಯ ಮೇಲೆ ನನಗೆ ಗೊತ್ತಿರುವ ಲಾಡ್ಜೊಂದಿದೆ. ಇಳಿಯಲು ಎರಡು ಕಡೆ ಮೆಟ್ಟಿಲು. ಬೀದಿಯಾಚೆ ಪೊಲೀಸ್ ಸ್ಟೇಷನ್. ಲಾಡ್ಜ್ ನಡೆಸುವ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ರಕ್ತ ಸೋರುವ ನನ್ನ ಕೈ ನೋಡಿ, ಬೆಡ್‌ಶೀಟಿಗೆ ತಾಗಿಸಬೇಡ ಎಂದಳು, ಅಷ್ಟೇ. ನರ್ಸಮ್ಮನ ಗಲ್ಲ ಹಿಡಿದು ಮಾತ್ರ ನಿಧಾನವಾಗಿ ಹೇಳಿದಳು.

“ಹೆದರ್ಕೋಬೇಡ ಮಗಳೇ. ಸ್ಟೇಷನ್ ಎದುರಿಗೇ ಇದೆ.”

ನರ್ಸಮ್ಮ ನನ್ನ ಗಾಯ ತೊಳೆದು, ದಿಂಬಿನ ಕವರು ಹರಿದು ಕಟ್ಟಿದಳು. ನಾನು ಕೋಪಕ್ಕೆ ಲಾಯರಿಗೆ ಫೋನ್ ಮಾಡಿ ವಾಚಾಮಗೋಚರವಾಗಿ ಬೈದೆ. ಎಲ್ಲಿದ್ದೇವೆಂದು ಹೇಳಲಿಲ್ಲ. ಆ ಹೋಟೆಲ್ ಇನ್ಯಾರಿಗೆ ಗೊತ್ತಿತ್ತು ಎಂದು ಕೇಳಿದೆ. ಹೆತ್ತ ತಾಯಿಯ ಮೇಲೆ ಆಣೆ ಇಟ್ಟ. ತನ್ನನ್ನು ಬಿಟ್ಟರೆ ನರ್ಸಮ್ಮನನ್ನು ಅಲ್ಲಿಗೆ ಟ್ಯಾಕ್ಸಿಯಲ್ಲಿ ಬಿಟ್ಟುಬಂದ ಆಕೆಯ ಭಾವನಿಗೆ ಮಾತ್ರವಂತೆ.

ಭಾವ ಎಂದರೆ ಅಕ್ಕನ ಗಂಡ. ಟ್ಯಾಕ್ಸಿ ಡ್ರೈವರ್. ತಂದೆ ಸತ್ತ ಮೇಲೆ ಈಕೆಯನ್ನು ಕೈಹಿಡಿದು ಶಾಲೆಗೆ ಸೇರಿಸಿದವನು, ನರ್ಸಿಂಗ್ ಓದಿಸಿದವನು. ಅವನನ್ನು ಅನುಮಾನದಿಂದ ಬಿಟ್ಟುಬಿಟ್ಟೆ. ಲಾಯರನ ಆಫೀಸಿನಿಂದಲೇ ಸುದ್ದಿ ಸೋರಿದೆ ಎಂದು ತೀರ್ಮಾನಿಸಿ ಮುಖ ತೊಳೆಯಲು ಹೋದೆ.

ಬರುವಷ್ಟರಲ್ಲಿ ಆಕೆ ಫೋನಿನಲ್ಲಿದ್ದಳು.

“ಭಾವ, ನಾನು ಚೆನ್ನಾಗಿದೀನಿ. ಸ್ಟೇಷನ್ ಎದುರಿಗಿರೋ ಲಾಡ್ಜಲ್ಲಿದೀನಿ. ಅಕ್ಕಂಗೆ ಅಳ್ಬೇಡ ಅಂತ ಹೇಳಿ.”

ಫೋನ್ ಕಿತ್ತುಕೊಂಡೆ. “ಬುದ್ಧಿ ಇದೆಯೇನಮ್ಮ ನಿಮಗೆ?”

“ಅವರು ನನ್ನ ಭಾವ,” ಎಂದಳು. ಆ ಒಂದು ಮಾತಿನ ಮೇಲೆ ಬೇರೆ ಮಾತೇ ಬೇಡ ಎನ್ನುವ ಹಾಗೆ.

ಕತ್ತಲಾಗುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ. ಯಾರೂ ಬರಲಿಲ್ಲ.

ಬಂದದ್ದು ಫೋನು. ಮಾಡಿದವನು ಮೀಸೆ ಎಂದು ನಾವು ಕರೆಯುವವನು. ಊರಿನ ಆ ತುದಿಯಲ್ಲಿ, ರೈಲ್ವೆ ಸ್ಟೇಷನ್ ಎದುರಿನ ಲಾಡ್ಜೊಂದರ ಮ್ಯಾನೇಜರ್. ಯಾರಾದರೂ ಯಾರನ್ನಾದರೂ ಹುಡುಕಿಕೊಂಡು ಬಂದರೆ ನನಗೊಂದು ಮಾತು ತಿಳಿಸುವುದು ಅವನ ರೂಢಿ. ಅವನ ದನಿ ಯಾವಾಗಲೂ ದೊಡ್ಡದು, ರೂಮಿಗೆಲ್ಲ ಕೇಳುತ್ತದೆ.

“ಇಬ್ರು ಬಂದಿದ್ರು ಕಣಯ್ಯಾ. ಒಬ್ಬನ ಷರ್ಟ್ ತುಂಬ ಎಂಜಲು. ಸ್ಟೇಷನ್ ಎದುರಿನ ಲಾಡ್ಜ್ ಎಲ್ಲಾ ಜಾಲಾಡ್ತಿದಾರೆ. ಯಾರೋ ನರ್ಸಂತೆ.”

ಇಡೀ ಊರಿಗೆ ಸ್ಟೇಷನ್ ಎಂದರೆ ರೈಲ್ವೆ ಸ್ಟೇಷನ್. ರೈಲನ್ನೇ ಕಾಣದ ಮಾರ್ಕೆಟ್ಟಿನವರಿಗೆ ಮಾತ್ರ ಅದು ಪೊಲೀಸ್ ಸ್ಟೇಷನ್. ದೊಡ್ಡಮ್ಮನ ಬಾಯಿಂದ ಬಿದ್ದ ಮಾತನ್ನು ನರ್ಸಮ್ಮ ಇದ್ದ ಹಾಗೇ ಎತ್ತಿ ಹೇಳಿದ್ದಳು. ಹೇಳಿದ್ದು ಒಬ್ಬನಿಗೆ. ಇನ್ನಾರಿಗೂ ಅಲ್ಲ.

ಆಕೆಯೂ ಕೇಳಿಸಿಕೊಂಡಿದ್ದಳು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಹಳ ಹೊತ್ತು ಹರಿಯುತ್ತಲೇ ಇತ್ತು. ಆ ಸದ್ದಿನ ಕೆಳಗೆ ಇನ್ನೊಂದು ಸದ್ದು. ಚಾಕು ಹಿಡಿದವನನ್ನು ತಡೆಯಬಲ್ಲೆ, ಸಾರ್, ಇದಕ್ಕೆ ಎಲ್ಲಿಂದ ಟ್ರಾಲಿ ತರಲಿ?

ಹೊರಗೆ ಬಂದಾಗ ಆಕೆಯ ಮುಖ ಒಣಗಿತ್ತು. ನಾಳೆ ಸಾಕ್ಷಿ ಹೇಳುತ್ತೀರಾ ಎಂದು ಕೇಳಿದೆ.

“ಹೇಳ್ತೀನಿ. ಅಕ್ಕಂಗೆ ಮಾತ್ರ ಇದು ಗೊತ್ತಾಗ್ಬಾರ್ದು.”

ಸೋಮವಾರ ಕೋರ್ಟಿನ ಬೀದಿಯಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ಆ ಜನರ ನಡುವೆ ಆಕೆಯನ್ನು ಒಳಗೆ ಕರೆದುಕೊಂಡು ಹೋದೆ. ಕೊಳವೆ ಕಿತ್ತ ಕೈ ಯಾವುದು, ಬಲಗೈಯೋ ಎಡಗೈಯೋ ಎಂದು ವಿರೋಧಿ ವಕೀಲ ಕೆದಕಿದ. ಕಂಟ್ರಾಕ್ಟರನ ಕಡೆ ನೇರವಾಗಿ ನೋಡಿ, ಎಡಗೈ, ಉಂಗುರ ಇರುವ ಕೈ ಎಂದಳು. ಅವನು ಕೈಯನ್ನು ಸರಕ್ಕನೆ ಬೆನ್ನ ಹಿಂದೆ ಎಳೆದುಕೊಂಡ. ಜಡ್ಜ್ ಅದನ್ನೂ ನೋಡಿದರು. ಅಲ್ಲಿಗೆ ಅವನ ಜಾಮೀನು ರದ್ದಾಯಿತು.

ಗೇಟಿನ ಹೊರಗೆ ಟ್ಯಾಕ್ಸಿ ನಿಂತಿತ್ತು. ಪಕ್ಕದಲ್ಲಿ ಭಾವ. ಕಣ್ಣು ಊದಿಕೊಂಡಿತ್ತು.

“ಬರೀ ಮಾತಾಡ್ತೀವಿ ಅಂದ್ರು ಕಣಮ್ಮ... ಕೂರಿಸಿ ಬುದ್ಧಿ ಹೇಳ್ತೀವಿ ಅಂದ್ರು. ಮಕ್ಕಳ ಸ್ಕೂಲಿನ ಹೆಸ್ರೂ ಹೇಳಿದ್ರು.”

ಅಕ್ಕ ಅಡುಗೆ ಮಾಡಿ ಕಾಯುತ್ತಿದ್ದಾಳೆ, ಮನೆಗೆ ಹೋಗೋಣ ಎಂದು ಮುಂದಿನ ಬಾಗಿಲು ತೆಗೆದ. ಫ್ರಾಕ್ ಹಾಕುವ ಕಾಲದಿಂದಲೂ ಆಕೆ ಕೂರುತ್ತಿದ್ದದ್ದು ಆ ಸೀಟಿನಲ್ಲೇ. ಬೇಡ ಎಂದು ಆಕೆಯ ತೋಳು ಹಿಡಿದೆ. ಕೊಡವಿಕೊಂಡಳು.

ಮುಂದಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಹಿಂದಿನದನ್ನು ತೆಗೆದು ಕೂತಳು. ಪಕ್ಕದಲ್ಲಿ ನಾನೂ ತೂರಿಕೊಂಡೆ. ಭಾವ ಕನ್ನಡಿಯಲ್ಲಿ ಆಕೆಯ ಮುಖ ಹುಡುಕುತ್ತಿದ್ದ.

“ಮಾರ್ಕೆಟ್‌ಗೆ,” ಎಂದಳು. “ಮೀಟರ್ ಹಾಕಿ, ಡ್ರೈವರ್ರೇ.”