ಶೈಲಶ್ರೀ ಕೇಳದೆ ಬಿಟ್ಟ ಕೇಸು

ವಕೀಲರ ಸಾಲಿನಿಂದ ಎದ್ದು ನಿಂತವನನ್ನು ಕಂಡು ನ್ಯಾಯಾಧೀಶೆ ಶೈಲಶ್ರೀ ಕೈಲಿದ್ದ ಪೆನ್ನು ಕೆಳಗಿಟ್ಟಳು.

ದುರುಗೇಶ!

ದೇವದುರ್ಗದ ಮಾನವ ಹಕ್ಕುಗಳ ವಕೀಲ. ಮೂರು ತಿಂಗಳ ಹಿಂದೆ ಗಬ್ಬೂರಿನಲ್ಲಿ ಕಾನೂನು ಶಿಬಿರ ಮುಗಿಸಿ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದ. ದಾರಿಯುದ್ದಕ್ಕೂ ಕೂಲಿ ಹೆಂಗಸರ ಕಷ್ಟ ಹೇಳಿದ್ದ. ಆಕೆ ಅರ್ಧ ಕೇಳಿಸಿಕೊಂಡು, ಇನ್ನರ್ಧ ದಾರಿ ಅವನ ಮುಖ ನೋಡಿಕೊಂಡೇ ರಾಯಚೂರು ಸೇರಿದ್ದಳು. ಅವನಿಗೂ ಅದೇ ರೋಗ ಹತ್ತಿದೆಯೆಂದು ಅವಳಿಗೇನು ಗೊತ್ತು! ರಾಯಚೂರಿನ ಆಕೆಯ ಕಾರ್ಮಿಕ ನ್ಯಾಯಾಲಯವೆಂದೇ ಈ ಕೇಸಿಗೆ ಖುಷಿಯಿಂದ ವಕಾಲತ್ತು ಹಾಕಿದ್ದ ಪುಣ್ಯಾತ್ಮ.

ಅವನ ಪಕ್ಕದಲ್ಲಿ ಖಾಸಿಂ ಬೀ. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಹೋಗಿದ್ದವು. ಮರುವಾರವೇ ಕೆಲಸವೂ ಹೋಗಿತ್ತು.

ಇವನೇ ಗೆಲ್ಲಲಿ ಅಂತ ಈಗಲೇ ಅನ್ನಿಸುತ್ತಿದೆಯಲ್ಲಾ... ಶೈಲಶ್ರೀಗೆ ತನ್ನ ಬಗ್ಗೆಯೇ ದಿಗಿಲಾಯಿತು.

ಈ ಕೇಸನ್ನು ತಾನು ಕೇಳುವುದಿಲ್ಲ, ಕಲಬುರಗಿಗೆ ವರ್ಗಾಯಿಸಲು ಮೇಲಕ್ಕೆ ಬರೆಯುತ್ತೇನೆ ಎಂದಳು. ಕಾರಣ ಹೇಳಲಿಲ್ಲ. ಹೇಗೆ ತಾನೇ ಹೇಳಿಯಾಳು?

ಗಿರಣಿ ಸಾಹುಕಾರನ ಆಳುಗಳು ಖಾಸಿಂ ಬೀಯನ್ನು ಎರಡು ವಾರದಿಂದ ಹೆದರಿಸುತ್ತಿದ್ದರು. ನ್ಯಾಯಾಧೀಶರೂ ಹೆದರಿದರೆಂದೇ ದುರುಗೇಶ ತಿಳಿದ.

"ನಿಮ್ಮನ್ನ ನಂಬಿ ಬಂದಿದ್ವಿ, ಮೇಡಂ," ಅಂದು ಹೊರಟುಹೋದ.

ನಾಲ್ಕು ಗಂಟೆಗೆ ಜವಾನ ಸುಂಕಪ್ಪ ಗಾಬರಿಯಿಂದ ಒಳಗೆ ಬಂದ. ಮಾನ್ವಿ ರಸ್ತೆಯಲ್ಲಿ ಯಾರೋ ಆ ವಕೀಲರ ಗಾಡಿ ಅಡ್ಡಗಟ್ಟಿ ಹೊಡೆದರಂತೆ, ಮಾನ್ವಿ ಆಸ್ಪತ್ರೆಗೆ ಒಯ್ದಿದ್ದಾರಂತೆ.

ಶೈಲಶ್ರೀ ಕುರ್ಚಿಯಿಂದ ಎದ್ದೇಬಿಟ್ಟಳು. ಆದರೂ ವರ್ಗಾವಣೆಯ ಪತ್ರಕ್ಕೆ ಮೊದಲು ಸಹಿ ಹಾಕಿದಳು. ಆಮೇಲೆ ಸರ್ಕಾರಿ ಕಾರು ಬಿಟ್ಟು, ಸಿಕ್ಕ ಬಸ್ಸು ಹತ್ತಿದಳು.

ಬದುಕಿದ್ದಾನೆಯೇ? ನನ್ನನ್ನು ಪುಕ್ಕಲಿ ಅಂದುಕೊಂಡೇ ಹೋಗಿಬಿಟ್ಟರೆ...? ಬಸ್ಸು ನಿಂತಲ್ಲೆಲ್ಲ ಅವಳು ಮಾನ್ವಿ ಇನ್ನೆಷ್ಟು ದೂರ ಎಂದು ಕೇಳುತ್ತಿದ್ದಳು.

ಬದುಕಿದ್ದ. ತಲೆಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಕೂತಿದ್ದ. ಗಾಡಿಯಲ್ಲಿ ಜೊತೆಗಿದ್ದ ಖಾಸಿಂ ಬೀಗೆ ಏನೂ ಆಗಿರಲಿಲ್ಲ. ಬಂದವಳ ಮುಖ ನೋಡಿದ್ದೇ ತಡ, ಚಹಾ ತರುತ್ತೇನೆಂದು ಹೊರಗೆ ನಡೆದಳು.

"ಇಲ್ಲಿಗ್ಯಾಕ ಬಂದ್ರಿ? ಸಾಹುಕಾರನ ಅಂಜಿಕಿ ಇಲ್ಲೇನು?" ಎಂದ ದುರುಗೇಶ.

"ನನಗ ಅಂಜಿಕಿ ಅವಂದಲ್ರೀ, ನಂದ. ನಿಮ್ಮನ್ನ ನೋಡಿದ್ರ ಸಾಕು, ನೀವ ಗೆಲ್ಲಬೇಕು ಅನ್ನಸ್ತದ. ಹಂತಾಕಿ ಆ ಕುರ್ಚಿ ಮ್ಯಾಲ ಕುಂತು ನ್ಯಾಯ ಹೆಂಗ ಹೇಳಬೇಕು?"

ಅವನು ಮಂಚದ ಮೇಲೆ ಸರಿದು ಅವಳಿಗೆ ಕೂರಲು ಜಾಗ ಮಾಡಿಕೊಟ್ಟ. ಆಮೇಲೆ, ಖಾಸಿಂ ಬೀಯನ್ನು ಪ್ರತಿ ವಾಯಿದೆಗೂ ಕಲಬುರಗಿಗೆ ತಾನೇ ಕರೆದೊಯ್ಯುವೆನೆಂದ. ಶೈಲಶ್ರೀ ಕಣ್ಣೊರೆಸಿಕೊಂಡಳು.

"ಇನ್ನ ನಿಮ್ಮ ಕೋರ್ಟಿಗಿ ನಾ ಯಾವತ್ತೂ ಬರಂಗಿಲ್ಲ," ಎಂದ.

ಅವಳು ತಲೆಯೆತ್ತಿ ಅವನ ಮುಖ ನೋಡಿದಳು.

"ನನ್ನ ಮ್ಯಾಲ ಇನ್ನೂ ಸಿಟ್ಟದ ಏನ್ರೀ?"

"ಸಿಟ್ಟಲ್ಲ, ಶೈಲಾ... ಗಂಡ ವಾದ ಮಾಡಿದ್ರ, ಹೆಂಡ್ತಿ ತೀರ್ಪು ಕೊಡಂಗಿಲ್ಲಲ್ಲ."